ನಿಮ್ಮವ್ವಂಗೂ ಯೋಳ್ಬ್ಯಾಡ ಅಂದಿದ್ದೆ

ನನ್ನ ಮಗಳಿಗೆ ಕಾಯಿಲೆ ಶುರುವಾಗಿ ಆರು ತಿಂಗಳು ಎಂದು ಆಸ್ಪತ್ರೆಯ ಕಾಗದದಲ್ಲಿತ್ತು. ಅದು ಸುಳ್ಳು. ಬರೆಸಿದವನು ನಾನೇ. ಆ ಹೊತ್ತಿಗೆ ಎರಡು ವರ್ಷದ ಮೇಲಾಗಿತ್ತು. ಯಾರೋ ಹೇಳಿ ನನಗೆ ತಿಳಿದದ್ದಲ್ಲ — ಅವಳೇ, ನನ್ನ ಅಂಗಡಿಯಲ್ಲಿ, ನನ್ನ ಮುಂದೆ ಕೂತು, ಎಲ್ಲರಿಗಿಂತ ಮೊದಲು ನನಗೆ ಹೇಳಿದ್ದಳು. ನಾನು ಅವಳ ಬಾಯಿ ಮುಚ್ಚಿಸಿದೆ. ಆಮೇಲೆ ಅವಳ ತಾಯಿ, ಹೆತ್ತವಳಿಗೇ ತಿಳಿಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಸುಮಾರು ನಾಲ್ಕು ವರ್ಷ ಬದುಕಿದಳು. ನಾನು ಅದನ್ನೂ ನೋಡುತ್ತ ಸುಮ್ಮನಿದ್ದೆ.

ಇದನ್ನು ಬರೆಯಲು ಕೂತು ಎಷ್ಟೋ ಹಾಳೆ ಹರಿದಿದ್ದೇನೆ. ಬರೆದಾಗಲೆಲ್ಲ ನನ್ನದೇ ಒಂದು ಸಮಜಾಯಿಷಿ ನಡುವೆ ಬಂದು ಕೂರುತ್ತಿತ್ತು. ಈ ಸಲ ಅದಕ್ಕೆ ಜಾಗ ಕೊಡದೆ ಬರೆಯಬೇಕು. ನೋಡೋಣ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪುಸೆಟ್ಟಿನ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಬೇರಿಂಗ್ ಬದಲಿಸಿ ಕೊಡುವುದು ನನ್ನ ಕಸುಬು. ಕಾಲುವೆ ಬಯಲಿನವರೂ ಬರುತ್ತಾರೆ, ನಾಗಮಂಗಲದ ಕಡೆಯ ಬೋರಿನವರೂ ಬರುತ್ತಾರೆ. ಎಲ್ಲರಿಗೂ ನಾನು ಮೋಟ್ರು ರಾಜಣ್ಣ. ಹೆಸರು ಬಂದದ್ದು ಕೈಯಿಂದಲ್ಲ, ಕಿವಿಯಿಂದ. ಓಡುತ್ತಿರುವ ಮೋಟಾರಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚಿದರೆ ಸಾಕು — ಒಳಗಿನ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದೆ. ಒಂದೇ ಸಮ ಹೋಗುತ್ತಿರುವ ಗುಂಯ್ ಸದ್ದಿನಲ್ಲಿ ಎಲ್ಲೋ ಒಂದು ಕಡೆ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ, ಸಣ್ಣ ವ್ಯತ್ಯಾಸ ಸಿಗುತ್ತದೆ. ಓದಿದ ಇಂಜಿನಿಯರುಗಳು ಮೀಟರು ಹಿಡಿದು ಹುಡುಕುವುದನ್ನು ನಾನು ಹೀಗೆ ಹೇಳುತ್ತೇನೆ ಎಂದು ಬಹಳ ಹೆಮ್ಮೆ ನನಗೆ. ಆ ಹೆಮ್ಮೆಯಿಂದಲೇ ಎಲ್ಲ ಶುರುವಾಯಿತು ಎಂದರೆ — ಬೇಡ, ಅದೂ ಒಂದು ಸಮಜಾಯಿಷಿಯೇ.

ನನ್ನ ಒಬ್ಬಳೇ ಮಗಳು ಚೈತ್ರ. ಹತ್ತು ವರ್ಷಕ್ಕೇ ಅವಳಿಗೆ ಈ ಕಿವಿ ಬಂತು. ಶಾಲೆ ಬಿಟ್ಟವಳು ಚೀಲ ಮೂಲೆಗೆ ಎಸೆದು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಿದ್ದಳು. "ಅಪ್ಪ, ಇದ್ಕೆ ಹಿಂದ್ಗಡೇದು ಓಯ್ತು" ಎನ್ನುತ್ತಿದ್ದಳು. ಬಿಚ್ಚಿದರೆ ಹಿಂದಿನ ಬೇರಿಂಗೇ ಹೋಗಿರುತ್ತಿತ್ತು. ಹೆಣ್ಣುಮಗುವಿನ ಕೈಗೆ ಗ್ರೀಸು ಹತ್ತಿಸುತ್ತೀಯಲ್ಲ ಎಂದು ನಕ್ಕವರನ್ನೆಲ್ಲ ಕೂರಿಸಿ, ಟೀ ತರಿಸಿ, ಅವಳ ಕೈಯಿಂದ ಪರೀಕ್ಷೆ ಮಾಡಿಸಿ ತೋರಿಸುತ್ತಿದ್ದೆ. ನನ್ನ ಹೆಂಡತಿ ಮಂಜುಳ ಅದನ್ನು ನೋಡಿ, ಇಬ್ಬರೂ ಸೇರಿ ನನ್ನನ್ನೂ ಒಂದು ದಿನ ಬೆಂಚಿನ ಮೇಲೆ ಬಿಚ್ಚಿಡುತ್ತೀರಿ ಎಂದು ತಮಾಷೆ ಮಾಡುತ್ತಿದ್ದಳು.

ಚೈತ್ರಳಿಗೆ ಹದಿಮೂರು ತುಂಬಿದ ವರ್ಷ ದೇವಲಾಪುರದ ಚಿಕ್ಕೇಗೌಡರು ಒಂದು ಮೋಟಾರು ತಂದರು. ರಿಪೇರಿ ಮುಗಿಸಿ, ಓಡಿಸಿ, ಎಂದಿನಂತೆ ಮಗಳನ್ನು ಕರೆದೆ. ಅವಳು ಕಿವಿಗಿಟ್ಟುಕೊಂಡು ತುಂಬ ಹೊತ್ತು ನಿಂತಳು. ಎಂದೂ ಅಷ್ಟು ಹೊತ್ತು ನಿಂತವಳಲ್ಲ. ಕೊನೆಗೆ ಸರಿಯಿದೆ ಎಂದಳು. ನಾನು ಇನ್ನೊಮ್ಮೆ ಕೇಳಿ ನೋಡಲಿಲ್ಲ — ಗೌಡರ ಮುಂದೆ ಮಗಳ ಮೇಲೆ ಅನುಮಾನ ತೋರಿಸಿದಂತಾಗುತ್ತದೆ ಎಂದು. ಮೂರನೇ ದಿನಕ್ಕೆ ಮೋಟಾರು ಬಿಗಿದುಕೊಂಡು ನಿಂತಿತು. ಗೌಡರು ಅದನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದು, ನಾಲ್ಕು ಜನ ಇರುವಾಗಲೇ ಹೇಳಿದರು:

"ಅಲ್ಲ ರಾಜಣ್ಣ, ಮಗ್ಳ ಕಿವೀಗೆ ಓಲೆ ಆಕ್ಸಿದ್ದೀಯ, ಸರಿ. ಮೊದ್ಲು ಕಿವಿ ಆಕ್ಸು ಕಣಪ್ಪ."

ಎಲ್ಲರೂ ನಕ್ಕರು. ಗೌಡರು ಕೆಟ್ಟವರಲ್ಲ, ಅವರೂ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಮರುದಿನದಿಂದ ಅವಳಿಗೆ ಪಾಠ ಶುರು ಮಾಡಿದೆ. ಒಂದು ಒಳ್ಳೆಯ ಮೋಟಾರು, ಒಂದು ಕೆಟ್ಟ ಮೋಟಾರು. ಎರಡನ್ನೂ ಓಡಿಸಿ, ಕಣ್ಣಿಗೆ ಟವಲು ಕಟ್ಟಿ, ಯಾವುದು ಕೆಟ್ಟದ್ದು ಹೇಳು ಎನ್ನುವುದು. ದಿನವೂ ಶಾಲೆಯಿಂದ ಬಂದ ಮೇಲೆ ಒಂದು ಗಂಟೆ. ಅವಳು ಹೇಳಿದ್ದು ಒಂದು ದಿನ ಸರಿಯಾಗುತ್ತಿತ್ತು, ಎರಡು ದಿನ ತಪ್ಪಾಗುತ್ತಿತ್ತು. ತಪ್ಪಾದಾಗ ಗದರಿಸುತ್ತಿದ್ದೆ. "ಗಮನ ಕೊಡು, ಗಮನ ಎಲ್ಲಿಕ್ಕಿದ್ದೀಯ?" ಇದೇ ಮಾತು. ಎಷ್ಟು ಸಲ ಅಂದೆನೋ. ಒಂದು ದಿನ ಸ್ಕ್ರೂಡ್ರೈವರಿನ ಹಿಡಿಯನ್ನು ಅವಳ ಕಿವಿಯ ಹಿಂದೆ ನಾನೇ ಒತ್ತಿ ಹಿಡಿದೆ. ಸ್ವಲ್ಪ ಜೋರಾಗಿಯೇ ಒತ್ತಿದೆ. ಅವಳು ಕಿರುಚಲಿಲ್ಲ. ಟವಲಿನ ಕೆಳಗಿಂದ ಕಣ್ಣೀರು ಬಂದು ಗಲ್ಲದ ಮೇಲಿನ ಗ್ರೀಸಿನಲ್ಲಿ ದಾರಿ ಮಾಡಿಕೊಂಡು ಇಳಿಯಿತು. ಅದನ್ನು ನೋಡಿಯೂ — ನಾನು ಕೈ ತೆಗೆಯಲು ತಡಮಾಡಿದೆ.

ಹೀಗೆ ಮೂರು ವಾರ. ಒಂದು ಸಂಜೆ ಅವಳೇ ಟವಲು ಬಿಚ್ಚಿದಳು. ಹೊರಗೆ ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು.

"ಅಪ್ಪ, ಬೇರಿಂಗ್ ಸದ್ದು ಕೇಳಕ್ಕೇ ಬುಡಲ್ಲ. ಇದ್ರೊಳ್ಗೆ ಯಾರೋ ಮಾತಾಡ್ತಾವ್ರೆ."

ಯಾರು ಎಂದೆ.

"ಗೊತ್ತಿಲ್ಲ. ನನ್ ಎಸ್ರು ಇಡ್ದು ಬಯ್ತಾವ್ರೆ. ಮೋಟ್ರು ನಿಂತ್ರೂ ಬಯ್ತಾವ್ರೆ."

ನಾನು ಎದ್ದು ಎರಡೂ ಮೋಟಾರಿನ ಸ್ವಿಚ್ಚು ಆರಿಸಿದೆ. ಅಂಗಡಿಯಲ್ಲಿ ಸದ್ದೇ ಇಲ್ಲ. ಅವಳು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಲೇ ಇದ್ದಳು. ಅದು ನಾಟಕವಲ್ಲ. ಸದ್ದು ಕೇಳುವವರ ಮುಖ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೆ ಆ ಕ್ಷಣದಲ್ಲೇ ತಿಳಿಯಿತು. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ನನಗೆ ಗೊತ್ತಾಗಲಿಲ್ಲ ಎಂದು.

ಬಾಗಿಲ ಕಡೆ ನೋಡಿದೆ — ಯಾರಾದರೂ ಕೇಳಿಸಿಕೊಂಡರೋ ಎಂದು. ಮಗಳಿಗೇನಾಯಿತು ಎಂದಲ್ಲ, ಯಾರಾದರೂ ಕೇಳಿಸಿಕೊಂಡರೋ ಎಂದು. ಅವಳ ಹತ್ತಿರ ಬಗ್ಗಿ ಹೇಳಿದೆ:

"ಕೇಳು ಮಗ. ಇದ್ನ ಯಾರ್ಗೂ ಯೋಳ್ಬ್ಯಾಡ. ನಿಮ್ಮವ್ವಂಗೂ ಯೋಳ್ಬ್ಯಾಡ."

ಅವಳು ತಲೆಯಾಡಿಸಿದಳು. ಕೊಟ್ಟ ಮಾತು ಉಳಿಸಿಕೊಳ್ಳುವ ಮಗು ಅದು.

ಅವಳು ಅಂಗಡಿಗೆ ಬರುವುದನ್ನು ಬಿಡಿಸಿದೆ. ಸದ್ದಿನಿಂದ ದೂರ ಇಟ್ಟರೆ ತಾನೇ ಹೋಗುತ್ತದೆ ಎಂದುಕೊಂಡೆ. ಬೇರಿಂಗ್ ಕೆಟ್ಟರೆ ತಾನೇ ಸರಿಹೋಗುತ್ತದೆಂದು ಯಾವ ಗಿರಾಕಿಗೂ ನಾನು ಹೇಳಿದವನಲ್ಲ. ಆಮೇಲೆ ಎರಡು ವರ್ಷ ಮನೆಯಲ್ಲಿ ನಾನೊಬ್ಬ ಕಾವಲುಗಾರನ ಹಾಗೆ ಬದುಕಿದೆ. ಅವಳು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದಳು. ಮಂಜುಳ ಕೇಳಿದರೆ ಶೀತ ಆಗಿರಬೇಕು ಎಂದು ನಾನೇ ಉತ್ತರ ಕೊಡುತ್ತಿದ್ದೆ. ಮಿಕ್ಸಿ ತಿರುಗುವಾಗ ಚೈತ್ರ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ತಟ್ಟೆಯ ಮುಂದೆ ಕೂತು ಯಾರಿಗೋ ಉತ್ತರ ಕೊಡುವ ಹಾಗೆ ತುಟಿ ಆಡಿಸುತ್ತಿದ್ದಳು. ಶಾಲೆಯಿಂದ ಹೇಳಿಕಳಿಸಿದರೆ ಮಂಜುಳಳನ್ನು ಬಿಟ್ಟು ನಾನೇ ಹೋಗಿ, ಮೇಡಂ ಹೇಳಿದ್ದರಲ್ಲಿ ಅರ್ಧ ನುಂಗಿ ಮನೆಗೆ ತರುತ್ತಿದ್ದೆ. "ಓದಿನ ಟೆನ್ಷನ್ನು ಕಣೆ, ಬುಡು" ಎನ್ನುತ್ತಿದ್ದೆ. ಮಂಜುಳ ನಂಬಿದಳು. ಮನೆಯ ಯಜಮಾನ ಹೇಳಿದ್ದು, ಏಕೆ ನಂಬಬಾರದು?

ಹತ್ತನೇ ಕ್ಲಾಸಿನ ಪರೀಕ್ಷೆಗೆ ಒಂದು ತಿಂಗಳಿರುವಾಗ, ಒಂದು ಮಧ್ಯಾಹ್ನ, ಚೈತ್ರ ಶಾಲೆಗೆ ಹೋಗದೆ ಕಾಲುವೆ ಏರಿಯ ಮೇಲೆ ಸಿಕ್ಕಳು. ನೀರಿಗೆ ಕಾಲು ಇಳಿಬಿಟ್ಟು ಕೂತು, ಕಿವಿಯ ತುಂಬ ಹತ್ತಿ ತುಂಬಿಕೊಂಡು, ಜೋರಾಗಿ ಮಾತಾಡುತ್ತಿದ್ದಳಂತೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ರಟ್ಟೆ ಹಿಡಿದು ಮನೆಗೆ ತಂದು ಬಿಟ್ಟರು. ಮಂಜುಳ ನನಗೆ ಫೋನು ಮಾಡಿ ಅಪ್ಪಣೆ ಕೇಳಲಿಲ್ಲ. ಉಟ್ಟ ಸೀರೆಯಲ್ಲೇ ಮಗಳನ್ನು ಬಸ್ಸು ಹತ್ತಿಸಿ, ಬಾಬುರಾಯನಕೊಪ್ಪಲಿನ ಹತ್ತಿರ ಬಂದ ಮೇಲೆ ಫೋನು ಮಾಡಿ, ಮೈಸೂರಿಗೆ ಹೋಗುತ್ತಿದ್ದೇವೆ, ಬರುವುದಾದರೆ ಬಾ ಎಂದಳು. ನಾನು ಮಾಡಬೇಕಾಗಿದ್ದ ಕೆಲಸ. ಎರಡು ವರ್ಷ ತಡವಾಗಿ, ಅರ್ಧ ಗಂಟೆಯಲ್ಲಿ ಅವಳು ಮಾಡಿ ಮುಗಿಸಿದಳು.

ಆಸ್ಪತ್ರೆಯ ಡಾಕ್ಟರು ತಾಳ್ಮೆಯವರು. ಇದು ಸಾಮಾನ್ಯವಾಗಿ ಇನ್ನೂ ದೊಡ್ಡ ವಯಸ್ಸಿನಲ್ಲಿ ಬರುವ ಕಾಯಿಲೆ, ಕೆಲವು ಮಕ್ಕಳಿಗೆ ಇಷ್ಟು ಬೇಗ ಬರುತ್ತದೆ, ಯಾರ ಶಾಪವೂ ಅಲ್ಲ, ಮಾತ್ರೆ ಇದೆ ಎಂದರು. ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂದು ಹೆಸರು. ಆಮೇಲೆ ಕೇಳಿದರು — ಮೊದಲ ಸಲ ಯಾವಾಗ ಗಮನಕ್ಕೆ ಬಂತು?

ಮಂಜುಳ ಅಳುತ್ತಿದ್ದಳು. ಚೈತ್ರ ನನ್ನ ಮುಖ ನೋಡಿದಳು. ನಾನು ಹೇಳಿದೆ, "ಒಂದು ಆರ್ ತಿಂಗ್ಳು ಇರ್ಬೋದು ಸಾರ್."

ಡಾಕ್ಟರು ಬರೆದುಕೊಂಡರು. ಆಮೇಲೆ ಚೈತ್ರಳನ್ನು, ಕೇಳಿಸುವ ಮಾತು ಏನು ಹೇಳುತ್ತದೆ ಎಂದು ಕೇಳಿದರು. ಅವಳು ನೆಲ ನೋಡುತ್ತ ಹೇಳಿದಳು:

"ಯೋಳ್ಬ್ಯಾಡ ಅಂತದೆ."

ಏನನ್ನು ಹೇಳಬೇಡ ಅನ್ನುತ್ತದೆ, ಯಾರ ಧ್ವನಿ ಅದು — ಏನು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಅವಳನ್ನು ಬೈಯುವ ಆ ಅಷ್ಟೂ ದನಿಗಳ ನಡುವೆ ನನ್ನದೂ ಒಂದು ಸೇರಿಕೊಂಡಿದೆಯೆ? ಕೇಳುವ ಧೈರ್ಯ ನನಗಿರಲಿಲ್ಲ. ಇವತ್ತಿಗೂ ಕೇಳಿಲ್ಲ.

ಮಾತ್ರೆ ಹಿಡಿಯಿತು. ನಾಲ್ಕೈದು ತಿಂಗಳಲ್ಲಿ ಅವಳು ಊಟಕ್ಕೆ ಕೂರುವಂತಾದಳು, ಟೀವಿ ನೋಡುವಂತಾದಳು. ಆಗ ಅದೇ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವವರು, ಒಂದು ಪರೀಕ್ಷೆಗೆ ಬರುತ್ತೀರಾ ಎಂದು ಕೇಳಿದರು. ಸೂಜಿ ಇಲ್ಲ, ಔಷಧಿ ಇಲ್ಲ, ಸದ್ದು ಕೇಳಿಸುವುದಷ್ಟೆ ಎಂದರು. ಸದ್ದು ಎಂದ ಕೂಡಲೇ ನಾನು ಚೈತ್ರಳ ಮುಖ ನೋಡಿದೆ. ಮಂಜುಳ, ನಾಲ್ಕು ಮಕ್ಕಳಿಗೆ ಒಳ್ಳೆಯದಾಗುವುದಾದರೆ ಹೋಗೋಣ ಎಂದಳು. ಚೈತ್ರಳೂ ಹೂಂ ಎಂದಳು.

ಒಂದು ಸಣ್ಣ ಕೋಣೆ. ಚೈತ್ರಳ ತಲೆಗೆ ತಂತಿಗಳಿರುವ ಟೋಪಿ ಹಾಕಿ, ಕೂದಲ ನಡುವೆ ಅಂಟಿನಂಥದ್ದನ್ನು ಬಿಟ್ಟು, ಕಿವಿಗೆ ಇಯರ್‌ಫೋನು ಇಟ್ಟರು. ಎದುರಿಗೆ ಸದ್ದಿಲ್ಲದ ಕಾರ್ಟೂನು. ಪರೀಕ್ಷೆ ಮಾಡುವ ಹುಡುಗಿ ನನ್ನ ಕುತೂಹಲ ನೋಡಿ, ಮೊದಲು ನೀವೇ ಕೇಳಿ ನೋಡಿ ಎಂದು ಇಯರ್‌ಫೋನು ಕೊಟ್ಟಿದ್ದಳು. ಟುಕ್, ಟುಕ್, ಟುಕ್ — ಒಂದೇ ಸಮ ಅದೇ ಸದ್ದು. ಎಲ್ಲೋ ಒಂದು ಸಲ ಬೇರೆ ಸದ್ದು. ಮತ್ತೆ ಅದೇ. ನಾನು ಬೇರೆ ಸದ್ದು ಬಂದಾಗಲೆಲ್ಲ ಬೆರಳೆತ್ತಿದೆ. ಒಂದೂ ಬಿಡಲಿಲ್ಲ. ಆ ಹೊತ್ತಿನಲ್ಲೂ ನನಗೆ ಹೆಮ್ಮೆಯಾಯಿತು, ನೋಡಿ.

ಹುಡುಗಿ ನಕ್ಕಳು. "ಕಿವಿ ಚೆನ್ನಾಗಿದೆ ಅಂಕಲ್. ಆದ್ರೆ ನಾವು ನೋಡೋದು ಇದನ್ನಲ್ಲ. ಅವಳು ಸದ್ದಿಗೆ ಗಮನವೇ ಕೊಡಬಾರದು. ಸಿನಿಮಾ ನೋಡ್ತಾ ಇರಬೇಕು."

ಗಮನ ಕೊಡಬಾರದು. ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಒಂದೇ ಸಮ ಬರುತ್ತಿರುವ ಸದ್ದು ಬದಲಾದರೆ, ನಾವು ಕೇಳಿಸಿಕೊಳ್ಳದಿದ್ದರೂ ಮಿದುಳು ತನ್ನಷ್ಟಕ್ಕೆ ತಾನೇ ಗುರುತಿಸುತ್ತದೆ, ಆಗ ಏಳುವ ಸಣ್ಣ ಅಲೆಯನ್ನು ಈ ತಂತಿಗಳು ಹಿಡಿಯುತ್ತವೆ. ಈ ಕಾಯಿಲೆ ಇರುವ ಹಲವರಲ್ಲಿ ಆ ಅಲೆ ಚಿಕ್ಕದಿರುತ್ತದೆ. ಚಿಕ್ಕ ವಯಸ್ಸಿಗೇ ಬಂದವರಲ್ಲಿ ಹೇಗಿರುತ್ತದೆ, ವರ್ಷ ಕಳೆದಂತೆ ಏನಾಗುತ್ತದೆ ಎಂದು ತಿಳಿಯಬೇಕಾಗಿದೆ. ಒಬ್ಬರ ಪರೀಕ್ಷೆಯಿಂದ ಏನೂ ಹೇಳಲು ಬರುವುದಿಲ್ಲ, ಬಹಳ ಜನರದ್ದನ್ನು ಒಟ್ಟಿಗೆ ಇಟ್ಟು ನೋಡಬೇಕು ಎಂದಳು.

ನಾನು ಬೇರೆ ಯಾರದೋ ವಿಷಯ ಕೇಳುವ ಹಾಗೆ ಕೇಳಿದೆ — ಇಂಥ ಮಕ್ಕಳಿಗೆ ಗಮನ ಕೊಡು, ಗಮನ ಕೊಡು ಎಂದು ಗದರಿಸುತ್ತಿದ್ದರೆ?

"ಗದರಿಸಿ ಏನು ಮಾಡೋದು ಅಂಕಲ್? ಅದು ಅವರ ಕೈಯಲ್ಲೇ ಇಲ್ಲವಲ್ಲ."

ನನ್ನ ಅಂಗಡಿಯಲ್ಲಿ ಅವಳು ತಪ್ಪಿದ್ದಕ್ಕೂ ಈ ಅಲೆಗೂ ಸಂಬಂಧ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇರದೆಯೂ ಇರಬಹುದು. ನನ್ನ ಎದೆಗೆ ನಾಟಿದ್ದು ಅಷ್ಟೇ ಮಾತು — ಅವರ ಕೈಯಲ್ಲೇ ಇಲ್ಲ. ಕಣ್ಣಿಗೆ ಕಟ್ಟಿದ್ದ ಆ ಟವಲು ನೆನಪಾಯಿತು.

ಅಷ್ಟರಲ್ಲಿ ಆ ಹುಡುಗಿ ಒಂದು ಕಾಗದ ತೆಗೆದು ಕೇಳಿದಳು. ಕಾಯಿಲೆ ಶುರುವಾದದ್ದು ಯಾವಾಗ ಅನ್ನುವುದು ನಮಗೆ ಬಹಳ ಮುಖ್ಯ, ಯೋಚನೆ ಮಾಡಿ ಹೇಳಿ ಎಂದಳು. ಇಷ್ಟೆಲ್ಲ ತಿಳಿದ ಮೇಲೂ, ಪಕ್ಕದಲ್ಲಿ ಮಂಜುಳ ಇದ್ದಳು ಎಂದು, ನಾನು ಹಳೆಯ ಸುಳ್ಳನ್ನೇ ಹೇಳಿದೆ. ಡಾಕ್ಟರಿಗೆ ಹೇಳಿದ್ದು ಭಯಕ್ಕೆ ಎನ್ನಬಹುದು. ಇದು ತಿಳಿದೂ ಹೇಳಿದ್ದು. ಎಲ್ಲೆಲ್ಲಿಂದಲೋ ಬಂದ ಮಕ್ಕಳ ನಿಜದ ಜೊತೆಗೆ ನನ್ನ ಮಗಳ ಹೆಸರಿನಲ್ಲಿ ನನ್ನ ಸುಳ್ಳು ಸೇರಿತು.

ಅವತ್ತು ಮನೆಗೆ ಬಂದ ಮೇಲೆ ಮಂಜುಳ ಬಿಸಿನೀರು ಕಾಯಿಸಿ ಮಗಳ ಕೂದಲಿನ ಅಂಟು ತೊಳೆದಳು. ತೊಳೆಯುತ್ತ, "ಈ ತಲೆನ ವಾರ್ವಾರ ಎಣ್ಣೆ ಹಚ್ಚಿ ತಿಕ್ದೋಳು ನಾನು, ಒಳ್ಗಡೆ ಏನಾಗ್ತಾದೆ ಅಂತ ಗೊತ್ತಾಗ್ನಿಲ್ವಲ್ಲ ಮಗ" ಎಂದು ಅತ್ತಳು. ಚೈತ್ರ ನೊರೆಯ ನಡುವಿನಿಂದ ಕಣ್ಣು ತೆರೆದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ನಾನು ಬಾಗಿಲಿನಿಂದ ಈಚೆ ಬಂದೆ.

ಆಮೇಲೆ ಎಷ್ಟೋ ಸಲ ಹೇಳಬಹುದಿತ್ತು. ನಮ್ಮಕ್ಕ ಒಂದು ಹಬ್ಬಕ್ಕೆ ಬಂದವಳು, ಬಡಿಸುತ್ತಿದ್ದ ಮಂಜುಳಳಿಗೆ ಎಲ್ಲರೆದುರು "ತಾಯಿ ಅನ್ನುಸ್ಕಂಡೋಳು ಕಣ್ಣು ಎಲ್ಲಿಕ್ಕಿದ್ದೆ?" ಎಂದಳು. ಮಂಜುಳ ಬಡಿಸುವುದನ್ನು ನಿಲ್ಲಿಸಲಿಲ್ಲ. ನನ್ನ ಎಲೆಗೆ ಅನ್ನ ಹಾಕಿ ಮುಂದೆ ಹೋದಳು. ನಾನು ಕಲಸಿ ಉಂಡೆ.

ಹೋದ ವರ್ಷ ಸಂಶೋಧನೆಯವರಿಂದ ಫೋನು ಬಂತು. ಅದೇ ಪರೀಕ್ಷೆ ಇನ್ನೊಮ್ಮೆ ಮಾಡಬೇಕು, ಹತ್ತು ದಿನ ಬಿಟ್ಟು ಬನ್ನಿ, ಹಳೆಯ ವಿವರಗಳನ್ನೂ ಮತ್ತೆ ಕೇಳುತ್ತೇವೆ ಎಂದರು. ಆ ಹತ್ತು ದಿನ ನನ್ನ ಕಿವಿ ಕೆಟ್ಟಿತು. ಮೋಟಾರಿಗೆ ಸ್ಕ್ರೂಡ್ರೈವರ್ ಇಟ್ಟರೆ ನನ್ನ ಎದೆಯ ಬಡಿತವೇ ಕೇಳಿಸುತ್ತಿತ್ತು. ಇನ್ನೊಮ್ಮೆ ಆರು ತಿಂಗಳು ಎನ್ನಬಲ್ಲೆನೆ? ಮಂಜುಳಳಿಗೆ ತಿಳಿದು ಮಗಳನ್ನು ಕರೆದುಕೊಂಡು ತವರಿಗೆ ಹೋದರೆ? ಹೋದರೆ ತಪ್ಪೇನು? ದಿನ ಒಂದೊಂದೇ ಕಳೆಯುತ್ತಿತ್ತು.

ಎಂಟನೇ ದಿನ ಮಧ್ಯಾಹ್ನ ಚೈತ್ರ ಬುತ್ತಿ ತಂದಳು. ಆಗ ಅವಳಿಗೆ ಹತ್ತೊಂಬತ್ತು. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅಂಗಡಿಯ ಒಳಗೆ ಬರುವುದಿಲ್ಲ, ಬಾಗಿಲಲ್ಲಿ ಇಟ್ಟು ಹೋಗುತ್ತಾಳೆ. ನಾನು ಮೋಟಾರು ಆರಿಸಿ ಹೊರಗೆ ಬಂದೆ. ಹೇಗೆ ಶುರು ಮಾಡಬೇಕೋ ತಿಳಿಯದೆ, ಇದ್ದದ್ದನ್ನೇ ಹೇಳಿದೆ.

"ಮಗ, ಅವತ್ತು ಯಾರ್ಗೂ ಯೋಳ್ಬ್ಯಾಡ ಅಂದಿದ್ದೆ. ಅದು ತಪ್ಪು. ನೀನು ಯಾರ್ಗ್ ಬೇಕಾದ್ರೂ ಯೋಳು."

ಯಾವತ್ತು, ಏನು ಎಂದು ಅವಳು ಕೇಳಲಿಲ್ಲ. ಆರು ವರ್ಷ ಆ ಮಾತನ್ನು ಹೊತ್ತುಕೊಂಡೇ ತಿರುಗಿದ್ದಳು. ಬುತ್ತಿಯ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು:

"ಅವ್ವಂಗೂನಾ?"

"ಅವ್ವಂಗೆ ನಾನು ಯೋಳ್ತೀನಿ. ಅದು ನಿನ್ನ ಕೆಲ್ಸ ಅಲ್ಲ."

ಅವತ್ತು ಸಂಜೆಯೇ ಹೇಳಿದೆ. ಮಂಜುಳ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕೂತು, ಟವಲು ಕಟ್ಟಿದ್ದರಿಂದ ಹಿಡಿದು ಕಾಗದದಲ್ಲಿ ಸುಳ್ಳು ಬರೆಸಿದ್ದರ ತನಕ, ಒಂದೂ ಬಿಡದೆ ಹೇಳಿದೆ. ಅವಳ ಕೈ ಸುಲಿಯುತ್ತಲೇ ಇತ್ತು. ಕೊನೆಗೆ ನಿಂತಿತು.

"ನಿಮ್ಮಕ್ಕ ಎಲ್ರೆದುರ್ಗೆ ಅಂದಾಗ್ಲೂ ನಿಂಗೆ ಗೊತ್ತಿತ್ತು."

ಹೂಂ ಎಂದೆ.

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅವತ್ತು ನನಗೆ ಬಡಿಸಿದಳು, ಮರುದಿನವೂ ಬಡಿಸಿದಳು. ಆ ಮೌನದ ಒಳಗೆ ಏನು ಸವೆದಿದೆ, ಎಷ್ಟು ಉಳಿದಿದೆ ಎಂದು ಕೇಳಿ ತಿಳಿಯುವ ಉಪಕರಣ ನನ್ನ ಬಳಿ ಇಲ್ಲ.

ಮೈಸೂರಿನ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಹೋದೆವು, ಚೈತ್ರ ನಡುವೆ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಅವಳು ಎಂದಿನಂತೆ ಹೊಳೆಗೆ ಕೈಮುಗಿದಳು. ಆಸ್ಪತ್ರೆಯಲ್ಲಿ ಅದೇ ಹುಡುಗಿ ಅದೇ ಪ್ರಶ್ನೆ ಕೇಳಿದಳು. ನಾನು ವರ್ಷ ಹೇಳಿದೆ, ತಿಂಗಳು ಹೇಳಿದೆ, ಕಬ್ಬು ಹೋಗುವ ಕಾಲ ಎಂದೆ. ಹಿಂದೆ ಹೇಳಿದ್ದು ಸುಳ್ಳು, ತಿಳಿದೂ ಹೇಳಿದ್ದು ಎಂದೂ ಹೇಳಿದೆ. ಅವಳು ಹಳೆಯದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆದಳು. ಡಾಕ್ಟರ ಕಾಗದದಲ್ಲೂ ಹಾಗೇ ಆಯಿತು. ಗೆರೆಯ ಕೆಳಗೆ ಹಳೆಯದು ಇನ್ನೂ ಕಾಣುತ್ತದೆ. ಎರಡು ವರ್ಷ ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ಬೇಗ ಬಂದಷ್ಟೂ ಒಳ್ಳೆಯದಿತ್ತು ಎಂದರು. ಸುತ್ತಿ ಬಳಸಿ ಹೇಳಲಿಲ್ಲ.

ಮಂಜುಳ ಇನ್ನೂ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ನಮ್ಮಕ್ಕನ ಮನೆಗೆ ಹೋಗಿ, ಅವತ್ತು ನೀನು ಅಂದದ್ದು ನನಗೆ ಸಲ್ಲಬೇಕಾದ ಮಾತು ಎಂದು ಹೇಳಿ ಬಂದಿದ್ದೇನೆ. ಅದರಿಂದ ಏನೂ ತುಂಬಿಬರುವುದಿಲ್ಲ.

ಚೈತ್ರಳಿಗೆ ಮಾತ್ರೆ ತಗೊಂಡರೂ ಕೆಲವು ದಿನ ಆ ದನಿ ಬರುತ್ತದೆ. ಮೊದಲು ಮುಖ ತಿರುಗಿಸಿ ಕೂರುತ್ತಿದ್ದಳು. ಈಗ ಅಂಗಡಿಗೆ ಬಂದು, ಬಾಗಿಲಲ್ಲಿ ನಿಂತು, "ಅಪ್ಪ, ಇವತ್ತೂ ಯೋಳ್ಬ್ಯಾಡ ಅಂತು" ಎನ್ನುತ್ತಾಳೆ. ಅದು ಯಾರ ದನಿ ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ನಾನು ಓಡುತ್ತಿರುವ ಮೋಟಾರನ್ನು ಆರಿಸಿ, ಕೈ ಒರೆಸಿಕೊಂಡು, ಅವಳು ಹೇಳಿ ಮುಗಿಸುವವರೆಗೆ ಕೂತು ಕೇಳುತ್ತೇನೆ.